ಕಾಲ ಮೇಲೆ ಕೂತ ಹದ್ದು

ತುಂಗಭದ್ರೆಯ ದಂಡೆಯಲ್ಲಿ ಒಂದು ಆಶ್ರಮ. ಎರಡು ಗುಡಿಸಲು, ಮೂರು ಬೇವಿನ ಮರ, ಬಿಸಿಲಿಗೆ ಹರವಿದ ಬೇರುಗಳು. ಅಲ್ಲಿ ಸಂಗಯ್ಯನವರೆಂಬ ವೈದ್ಯರಿದ್ದರು. ಔಷಧಿ ಧಾರಾಳವಾಗಿ ಕೊಡುತ್ತಿದ್ದರು. ಮಾತು ಅಳೆದು ಕೊಡುತ್ತಿದ್ದರು.

ಅವರಿಗೊಬ್ಬ ಶಿಷ್ಯ, ಧರಣಪ್ಪ. ಅವನದು ತದ್ವಿರುದ್ಧ.

ಧರಣಪ್ಪ ಮೂರು ವರ್ಷ ಕೂತು ಒಂದು ಪುಸ್ತಕ ಬರೆದ. ಸಂಸ್ಕೃತದಲ್ಲಿ, ಅರಬ್ಬಿಯಲ್ಲಿ ರೋಗಗಳಿಗೂ ಅಂಗಗಳಿಗೂ ಇರುವ ಹೆಸರುಗಳನ್ನೆಲ್ಲ ಕನ್ನಡಕ್ಕೆ ತಿರುಗಿಸಿದ್ದ. ಹಳ್ಳಿಯ ವೈದ್ಯರಿಗೆ ಅನುಕೂಲವಾಗಲಿ ಎಂದು. ಮುನ್ನೂರ ಹನ್ನೆರಡು ಪದ. ಒಂದನ್ನೂ ಬಿಟ್ಟಿರಲಿಲ್ಲ.

ಆಶ್ರಮದಲ್ಲಿ ಒಂದು ಪದ್ಧತಿಯಿತ್ತು. ಶಿಷ್ಯ ಬರೆದದ್ದರ ಮೊದಲ ಹಾಳೆಯ ಮೇಲೆ ಗುರು ತಮ್ಮ ಕೈಯಿಂದ 'ಶ್ರೀ' ಬರೆಯಬೇಕು. ಅಲ್ಲಿಯವರೆಗೆ ಅದನ್ನು ಯಾರೂ ನಕಲು ಮಾಡುವಂತಿಲ್ಲ, ಊರಿಗೆ ಒಯ್ಯುವಂತಿಲ್ಲ.

ಧರಣಪ್ಪ ಮೊದಲ ಹಾಳೆಯ ನೆತ್ತಿಯಲ್ಲಿ ಅದಕ್ಕೆ ಜಾಗ ಬಿಟ್ಟಿದ್ದ. ಅಗಲವಾಗಿಯೇ ಬಿಟ್ಟಿದ್ದ.

ಒಂದು ಬೆಳಿಗ್ಗೆ ಪುಸ್ತಕ ತಂದು ಗುರುಗಳ ಮುಂದೆ ಇಟ್ಟ. ಪಕ್ಕದಲ್ಲಿ ಲೇಖನಿ ಇಟ್ಟ. ಮಸಿಯ ಕುಡಿಕೆಯ ಮುಚ್ಚಳವನ್ನೂ ತೆಗೆದ.

ಗುರುಗಳು ಬೇರು ಅರೆಯುತ್ತಿದ್ದರು. ತಲೆ ಎತ್ತಲಿಲ್ಲ.

"ಒಂದು ಓದು," ಎಂದರು.

"ಶ್ಲೀಪದ. ಕಲ್ಲಿನಂಥ ಕಾಲು ಎಂದರ್ಥ. ಕಲ್ಲುಕಾಲು ಎಂದಿಟ್ಟಿದ್ದೇನೆ."

"ಊರಲ್ಲಿ ಏನಂತಾರೆ?"

"ಆನೆಕಾಲು ಅಂತಾರೆ. ಅರಬ್ಬಿಯ ವೈದ್ಯರೂ ಆನೆಯ ರೋಗ ಅಂತಲೇ ಬರೆಯುತ್ತಾರೆ. ಆದರೆ ಸಂಸ್ಕೃತದ ಹೆಸರಿನಲ್ಲಿ ಆನೆ ಇಲ್ಲವಲ್ಲ, ಗುರುಗಳೇ."

"ಕಾಲಿನಲ್ಲಿ ಇದೆಯಲ್ಲ."

ಧರಣಪ್ಪನಿಗೆ ಇದು ಸರಿಬರಲಿಲ್ಲ. ಪುಟ ತಿರುವಿದ.

"ಇದು ಕೇಳಿ. ಗೃಧ್ರಸಿ. ಸೊಂಟದಲ್ಲಿ ಹುಟ್ಟಿ, ತೊಡೆಯ ಹಿಂದೆ ಇಳಿದು, ಹಿಮ್ಮಡಿಗೆ ಹೋಗುವ ನೋವು. ಗೃಧ್ರ ಎಂದರೆ ರಣಹದ್ದು. ಹದ್ದುಬೇನೆ ಎಂದು ತಿರುಗಿಸಿದ್ದೇನೆ. ಆಗಲೇ ಬಳಕೆಗೂ ಬಂತು. ನಿನ್ನೆ ಅಂಬಿಗರ ಹುಲಿಗೆಪ್ಪ ಬಂದಿದ್ದ. ನಿನಗೆ ಬಂದಿರುವುದು ಹದ್ದುಬೇನೆ ಅಂದೆ. ಬಾಯಿ ತೆರೆದುಕೊಂಡು ಕೇಳಿದ."

ಅರೆಯುವ ಕೈ ನಿಂತಿತು.

"ಎಣ್ಣೆ ಒಯ್ದನೇ?"

ಧರಣಪ್ಪ ಮೂಲೆಯ ಕಡೆ ನೋಡಿದ. ಎಣ್ಣೆಯ ಕುಡಿಕೆ ಅಲ್ಲೇ ಇತ್ತು. ಶಾಖ ಕೊಡುವ ಲಕ್ಕಿ ಸೊಪ್ಪಿನ ಕಟ್ಟೂ ಅಲ್ಲೇ ಇತ್ತು.

"ಬಿಟ್ಟು ಹೋಗಿದ್ದಾನೆ. ಮರೆತಿರಬೇಕು."

ಅಷ್ಟರಲ್ಲಿ ಹುಲಿಗೆಪ್ಪನ ಹೆಂಡತಿ ದ್ಯಾವಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲಿಗೆ ಬಂದು ನಿಂತಿದ್ದಳು.

"ಅಜ್ಜಾರ, ಈ ಪುಸ್ತಕದಪ್ಪ ನನ್ನ ಗಂಡಗ ಏನು ಹೇಳ್ಯಾನ ಕೇಳ್ರಿ!"

"ನೀನೇ ಹೇಳು."

"ನಿನ್ನೆ ಸಂಜಿಗೆ ಬಂದಾವ ಹೊಸಲು ದಾಟಲಿಲ್ರಿ. ನನ್ನ ಕಾಲ ಮ್ಯಾಲ ಹದ್ದು ಕುಂತೈತಿ, ನಾ ಒಳಗ ಬಂದರ ಮನೀಗೂ ಕೂಡ್ತೈತಿ ಅಂದ. ಸೀದಾ ಹೊಳಿಗೆ ಹೋಗಿ, ಹರಿಗೋಲು ಬೋರಲು ಹಾಕಿ, ಅದರ ಕೆಳಗ ಮಲಗ್ಯಾನ. ಉಣ್ಣವಲ್ಲ. ಏಳವಲ್ಲ. ಎರಡೂ ದಂಡ್ಯಾಗ ಮಂದಿ ನಿಂತಾರ. ಹರಿಗೋಲು ಇಲ್ದ ಹೊಳಿ ದಾಟೂದು ಹೆಂಗ?"

ಆ ಸೀಮೆಯಲ್ಲಿ ರಣಹದ್ದು ಮನೆಯ ಮಾಳಿಗೆಯ ಮೇಲೆ ಕೂತರೆ ಆ ಮನೆಯಲ್ಲಿ ಯಾರೂ ಇರುವುದಿಲ್ಲ. ಬಾಗಿಲು ಹಾಕಿ ಆರು ತಿಂಗಳು ಬೇರೆ ಕಡೆ ಬಿಡಾರ ಹೂಡುತ್ತಾರೆ. ಇಲ್ಲದಿದ್ದರೆ ಒಳಗಿನವರಲ್ಲಿ ಒಬ್ಬರು ಹೋಗುತ್ತಾರೆ ಎಂದು ನಂಬಿಕೆ. ಧರಣಪ್ಪನೂ ಅದೇ ಸೀಮೆಯವನೇ. ಅವನಿಗೂ ಇದು ಗೊತ್ತಿತ್ತು. ಪದ ತಿರುಗಿಸುವಾಗ ನೆನಪಾಗಿರಲಿಲ್ಲ.

"ಹದ್ದು ನಿಜವಾಗಿ ಕೂತಿಲ್ಲ, ದ್ಯಾವಮ್ಮ. ಅದು ಬರೀ ಹೆಸರು," ಎಂದ.

"ಬರೇ ಹೆಸರಾದರ ನಿಮ್ಮ ಹತ್ರನ ಇಟ್ಕೋಬೇಕಿತ್ತು. ನಮ್ಮ ಮನೀಗೆ ಯಾಕ ಕಳಿಸಿದ್ರಿ?"

ಗುರುಗಳು ಮಸಿಯ ಕುಡಿಕೆಗೆ ಮುಚ್ಚಳ ಹಾಕಿದರು.

"ಹುಲಿಗೆಪ್ಪ ಮತ್ತೆ ಹುಟ್ಟು ಹಿಡಿಯುವವರೆಗೆ ಶ್ರೀ ಇಲ್ಲ," ಎಂದರು. "ನಡಿ. ಎಣ್ಣೆ ತಗೋ."

ಧರಣಪ್ಪ ಎಣ್ಣೆ, ಸೊಪ್ಪು ತೆಗೆದುಕೊಂಡ. ಪುಸ್ತಕವನ್ನೂ ತೆಗೆದುಕೊಂಡ. ಅದನ್ನು ಬಿಟ್ಟು ಅವನು ಎಲ್ಲಿಗೂ ಹೋಗುತ್ತಿರಲಿಲ್ಲ.

ಹೊಳೆಯ ದಂಡೆಯಲ್ಲಿ ಹರಿಗೋಲು ಆಮೆಯ ಹಾಗೆ ಬೋರಲಾಗಿ ಬಿದ್ದಿತ್ತು. ಸುತ್ತ ಹತ್ತು ಹನ್ನೆರಡು ಮಂದಿ ಗಂಟುಮೂಟೆ ಇಳಿಸಿಕೊಂಡು ಕೂತಿದ್ದರು. ಗುರುಗಳು ಒಂದು ಕಲ್ಲಿನ ಮೇಲೆ ಕೂತು ಹೊಳೆ ನೋಡತೊಡಗಿದರು.

ಧರಣಪ್ಪ ಹರಿಗೋಲಿನ ಹತ್ತಿರ ಬಗ್ಗಿದ.

"ಹುಲಿಗೆಪ್ಪಾ, ಹದ್ದುಬೇನೆ ಅಂದರೆ..."

"ಹೆಸರು ಹೇಳಬ್ಯಾಡ್ರಿ!" ಎಂದು ಒಳಗಿನಿಂದ ದನಿ ಬಂತು. "ಕರದಂಗ ಆಕ್ಕೈತಿ."

"ಅದಕ್ಕೆ ಔಷಧಿ ಇದೆಯಪ್ಪ."

"ಹದ್ದಿಗೆ ಔಷಧಿ ಇರ್ತೈತೇನ್ರಿ? ಮನೀ ಮ್ಯಾಲ ಕುಂತರ ಮನಿ ಬಿಡ್ತೀವಿ. ಕಾಲ ಮ್ಯಾಲ ಕುಂತರ ಕಾಲು ಬಿಡಾಕ ಬರ್ತೈತೇನು?"

ಉತ್ತರ ಹೊಳೆಯದಾಗ ಧರಣಪ್ಪ ಶ್ಲೋಕ ಹೇಳುತ್ತಿದ್ದ. ಗೃಧ್ರಸಿಯ ಲಕ್ಷಣ ಹೇಳುವ ಶ್ಲೋಕವನ್ನು ಗಟ್ಟಿಯಾಗಿ ಹೇಳಿದ.

"ದ್ಯಾವೀ," ಎಂದ ಹುಲಿಗೆಪ್ಪ ಸಣ್ಣ ದನಿಯಲ್ಲಿ. "ಮಂತ್ರ ಹೇಳಾಕ ಶುರು ಮಾಡ್ಯಾರ. ನಾ ಹೋದೆ ಅಂತ ತಿಳ್ಕೋ."

"ಹೋಗೂದಾದರ ಹರಿಗೋಲು ಬಿಟ್ಟು ಹೋಗು," ಎಂದಳು ದ್ಯಾವಮ್ಮ. ಆದರೆ ಅವಳ ಕಣ್ಣಂಚು ಒದ್ದೆಯಾಗಿತ್ತು. ತಂದಿದ್ದ ರೊಟ್ಟಿಯ ಗಂಟನ್ನು ಮತ್ತೊಮ್ಮೆ ಹರಿಗೋಲಿನ ಅಂಚಿಗೆ ತಳ್ಳಿದಳು. ಅದು ಅಲ್ಲೇ ಉಳಿಯಿತು.

ಧರಣಪ್ಪ ಅದನ್ನು ನೋಡಿದ. ಬೆಳಿಗ್ಗೆಯಿಂದ ಶ್ರೀಯ ಚಿಂತೆಯಲ್ಲಿದ್ದವನಿಗೆ ಈಗ ಬೇರೆಯದೇ ಭಯ ಹತ್ತಿತು. ಒಂದು ದಿನ ಉಣ್ಣದವನು ನಾಳೆಯೂ ಉಣ್ಣದಿದ್ದರೆ? ನಾಡಿದ್ದು? ಸೊಂಟನೋವಿನಿಂದ ಯಾರೂ ಸಾಯುವುದಿಲ್ಲ. ಅದರ ಹೆಸರಿನಿಂದ ಇವನು ಸತ್ತಾನು.

ಗುರುಗಳ ಹತ್ತಿರ ಹೋದ.

"ಗುರುಗಳೇ, ನೀವು ಒಂದು ಮಾತು ಹೇಳಿ. ನಿಮ್ಮ ಮಾತು ಕೇಳುತ್ತಾನೆ."

ಗುರುಗಳು ಹೊಳೆಯ ನಡುವಿನ ಮರಳುದಿಬ್ಬವನ್ನು ನೋಡುತ್ತಿದ್ದರು. ಅಲ್ಲಿ ಸತ್ತ ಎಮ್ಮೆಯೊಂದು ಬಿದ್ದಿತ್ತು. ಸುತ್ತ ನಾಲ್ಕು ರಣಹದ್ದು.

"ಹುಲಿಗೆಪ್ಪ ಹೇಗೆ ನಡೆಯುತ್ತಾನೆ?" ಎಂದು ಕೇಳಿದರು.

"ಕುಂಟುತ್ತಾನೆ."

"ನಡೆದು ತೋರಿಸು."

"ಇಲ್ಲಿಯೇ? ಇಷ್ಟು ಜನರ ಮುಂದೆ?"

ಗುರುಗಳು ಎರಡನೆಯ ಸಲ ಹೇಳುವವರಲ್ಲ.

ಧರಣಪ್ಪ ಪಂಚೆ ಎತ್ತಿಕಟ್ಟಿ ನಾಲ್ಕು ಹೆಜ್ಜೆ ಕುಂಟಿದ. ಕೂತವರು ನಕ್ಕರು.

"ಇದ್ಯಾವ ನಡಿಗೀರಿ? ಮುಳ್ಳು ಚುಚ್ಚಿದ ಕೋಳಿ ಆತು," ಎಂದ ಒಬ್ಬ.

"ಹಂಗಲ್ರಿ," ಎಂದಳು ದ್ಯಾವಮ್ಮ. "ಕುಂಡಿ ಹಿಂದ, ಕುತ್ತಿಗಿ ಮುಂದ."

ಧರಣಪ್ಪ ಹಾಗೆ ಮಾಡಿದ. ಇನ್ನೂ ಹೆಚ್ಚು ನಕ್ಕರು. ಒಬ್ಬ ಮುದುಕಿಗೆ ನಕ್ಕು ನಕ್ಕು ಕೆಮ್ಮು ಬಂತು.

"ಎಡಗಾಲು ಎತ್ತಿ ಇಡ್ರಿ."

"ಅದು ಬಲಗಾಲು!"

"ಭುಜ ಎಲ್ಲಿ ಹೋತು, ಭುಜ?"

ಹರಿಗೋಲು ಒಂದಿಷ್ಟು ಮೇಲೆದ್ದಿತು. ಸಂದಿಯಲ್ಲಿ ಎರಡು ಕಣ್ಣು ಕಂಡವು.

"ಏ, ಹಂಗಲ್ಲೋ ಮಾರಾಯಾ!"

ಹುಲಿಗೆಪ್ಪ ತೆವಳಿಕೊಂಡು ಹೊರಗೆ ಬಂದ. ಸಿಟ್ಟಿನಿಂದ ಮುಖ ಕೆಂಪಾಗಿತ್ತು.

"ಒಂದು ವರ್ಷದಿಂದ ನಡ್ಯಾಕತ್ತೀನಿ. ನನ್ನ ನಡಿಗಿ ನನಗ ಗೊತ್ತಿಲ್ಲೇನು? ನೋಡ್ರಿ ಇಲ್ಲಿ."

ನಡೆದ. ಭುಜ ಮೇಲೆ, ಕುತ್ತಿಗೆ ಮುಂದೆ. ಎಡಗಾಲನ್ನು ಎತ್ತಿ ಪಕ್ಕಕ್ಕೆ ಇಟ್ಟ. ಮೈಯನ್ನು ಅದರ ಹಿಂದೆ ಎಳೆದುಕೊಂಡು ಸಣ್ಣದೊಂದು ಕುಪ್ಪಳಿಕೆ. ಮತ್ತೆ ಭುಜ, ಮತ್ತೆ ಕುತ್ತಿಗೆ.

ಗುರುಗಳು ಮರಳುದಿಬ್ಬದ ಕಡೆ ಗದ್ದ ತೋರಿಸಿದರು.

ಹೊಟ್ಟೆ ತುಂಬಿದ ಹದ್ದೊಂದು ಹಾರಲಾರದೆ ಮರಳಿನ ಮೇಲೆ ನಡೆಯುತ್ತಿತ್ತು. ಭುಜ ಮೇಲೆ, ಕುತ್ತಿಗೆ ಮುಂದೆ. ಒಂದು ಕಾಲು ಎತ್ತಿ ಪಕ್ಕಕ್ಕೆ. ಸಣ್ಣದೊಂದು ಕುಪ್ಪಳಿಕೆ.

ಧರಣಪ್ಪ ಆ ಪದವನ್ನು ಎಷ್ಟು ಸಲ ಬರೆದಿದ್ದನೋ ಲೆಕ್ಕವಿಲ್ಲ. ಹದ್ದು ನಡೆಯುವುದನ್ನು ಒಂದು ಸಲವೂ ನೋಡಿರಲಿಲ್ಲ.

ಮೊದಲು ನಕ್ಕವಳು ದ್ಯಾವಮ್ಮ. ಆಮೇಲೆ ದಂಡೆಯೆಲ್ಲ ನಕ್ಕಿತು. ಹುಲಿಗೆಪ್ಪ ಮಾತ್ರ ನಗಲಿಲ್ಲ. ಹದ್ದನ್ನು ನೋಡಿದ, ತನ್ನ ಕಾಲನ್ನು ನೋಡಿಕೊಂಡ.

"ಇಷ್ಟ ಏನ್ರಿ ಅಜ್ಜಾರ?"

"ಇಷ್ಟೇ."

"ನನ್ನ ಮ್ಯಾಲ ಕುಂತಿಲ್ಲ?"

"ಅವೆಲ್ಲ ಅಲ್ಲೇ ಇವೆ. ಊಟದಲ್ಲಿವೆ."

ಹುಲಿಗೆಪ್ಪ ತಲೆ ಕೆರೆದುಕೊಂಡ. ಸ್ವಲ್ಪ ಸಮಾಧಾನವಾಯಿತು. ಪೂರ್ತಿ ಆಗಲಿಲ್ಲ.

"ಆದರೂ ಅಜ್ಜಾರ, ಆ ಹೆಸರು ಕಟಗೊಂಡು ನಾ ಮನೀಗೆ ಹೋಗಾಂಗಿಲ್ಲ. ಮನ್ಯಾಗ ಸಣ್ಣ ಕೂಸು ಐತಿ."

ಗುರುಗಳು ಧರಣಪ್ಪನನ್ನು ನೋಡಿದರು. ನೋಡುತ್ತಲೇ ಇದ್ದರು.

ಧರಣಪ್ಪ ಪುಸ್ತಕ ತೆರೆಯಲು ಹೋದ. ತೆರೆಯಲಿಲ್ಲ. ಅದನ್ನು ಮರಳ ಮೇಲೆ ಇಟ್ಟು ಹುಲಿಗೆಪ್ಪನ ಎದುರು ಕೂತ.

"ಆ ನೋವು ನಿನಗೆ ಹೇಗೆ ಅನಿಸುತ್ತದೆ, ಹುಲಿಗೆಪ್ಪ?"

"ನಿನ್ನೆ ಕೇಳಲಿಲ್ರಿ ನೀವು ಇದನ್ನ."

"ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ."

"ಮಿಣಿ ಗೊತ್ತೇನ್ರಿ, ತೊಗಲಿನ ಹಗ್ಗ? ಬಿಸಿಲಾಗ ಒಣಗಿ ಬಿಗಿ ಆಕ್ಕೈತಲ್ಲ, ಅದು. ಒಂದು ತುದಿ ಸೊಂಟಕ್ಕ ಕಟ್ಟಿ, ಒಂದು ತುದಿ ಹಿಮ್ಮಡಕ್ಕ ಕಟ್ಟಿದಂಗ. ಹೆಜ್ಜಿ ಎತ್ತಿದರ ಸಾಕು, ಜಗ್ಗತೈತಿ."

"ಮಿಣಿ ಹಾಗೆ ಬಿಗಿದರೆ ನೀನು ಏನು ಮಾಡುತ್ತೀ?"

"ಏನು ಮಾಡೂದು? ಎಣ್ಣಿ ಕುಡಿಸಿ, ಬೆಚ್ಚಗ ಇಟ್ಟು, ತಿಕ್ಕತೀನಿ. ನಾಕು ದಿನ ಅದನ್ನ ಜಗ್ಗಾಂಗಿಲ್ಲ. ತಾನ ಸಡಲ್ತೈತಿ."

ಧರಣಪ್ಪ ಹರಳೆಣ್ಣೆಯ ಕುಡಿಕೆಯನ್ನೂ ಲಕ್ಕಿ ಸೊಪ್ಪಿನ ಕಟ್ಟನ್ನೂ ಅವನ ಮುಂದಿಟ್ಟ.

ಹುಲಿಗೆಪ್ಪ ಎಣ್ಣೆ ನೋಡಿದ. ಕಾಲು ನೋಡಿದ. ಮತ್ತೆ ಎಣ್ಣೆ ನೋಡಿದ.

"ಇದನ್ನ ನಿನ್ನೇನ ಹೇಳಿದ್ದರ ನಾ ಯಾಕ ಬೋರಲು ಬೀಳ್ತಿದ್ದೆ?"

"ನಿನಗೆ ಬಂದಿರುವುದು ಮಿಣಿಜಗ್ಗು," ಎಂದ ಧರಣಪ್ಪ.

"ಹಾಂ," ಎಂದ ಹುಲಿಗೆಪ್ಪ. "ಅದನ್ನ ಮನೀಗೆ ಒಯ್ಯಬಹುದು."

ದ್ಯಾವಮ್ಮ ರೊಟ್ಟಿಯ ಗಂಟು ಬಿಚ್ಚಿದಳು. ಅವನು ನಿಂತಲ್ಲೇ ಮೂರು ರೊಟ್ಟಿ ತಿಂದ. ಎಣ್ಣೆ ಬಗಲಲ್ಲಿ ಇಟ್ಟುಕೊಂಡು, ಹದ್ದಿನ ನಡಿಗೆಯಲ್ಲಿ, ಹೆಂಡತಿಯ ಹಿಂದೆ ಮನೆಗೆ ಹೋದ.

ದಂಡೆಯ ಮೇಲಿದ್ದವರು ಗಂಟು ಎತ್ತಿಕೊಂಡು ನಿಂತರು. ಹರಿಗೋಲಿತ್ತು, ಅಂಬಿಗನಿರಲಿಲ್ಲ.

ಗುರುಗಳು ಹುಟ್ಟನ್ನು ಎತ್ತಿ ಧರಣಪ್ಪನ ಕೈಗೆ ಕೊಟ್ಟರು.

"ನಾನೇ?"

"ಅವನನ್ನು ಮಲಗಿಸಿದ್ದು ಯಾರು?"

ಹೀಗೆ ಧರಣಪ್ಪ ಅಂಬಿಗನಾದ.

ಮೊದಲ ದಿನ ಹರಿಗೋಲು ಗಿರಗಿರನೆ ತಿರುಗಿತು. ಕೂತವರಿಗೆ ಆಚೆ ದಂಡೆ ಮೂರು ಸಲ ಕಂಡಿತು, ಒಂದು ಸಲವೂ ಹತ್ತಿರ ಬರಲಿಲ್ಲ. ಮರುದಿನ ದ್ಯಾವಮ್ಮ ದಂಡೆಯಲ್ಲಿ ನಿಂತು ಹುಟ್ಟು ಹಾಕುವುದು ಹೇಗೆಂದು ಕೂಗಿ ಹೇಳಿದಳು. ನಾಲ್ಕನೆಯ ದಿನಕ್ಕೆ ಹರಿಗೋಲು ಹೇಳಿದ ಮಾತು ಕೇಳತೊಡಗಿತು.

ಹೊಳೆ ದಾಟಲು ಹೊತ್ತು ಬೇಕು. ಕೂತವರು ಸುಮ್ಮನೆ ಕೂರುವುದಿಲ್ಲ. ವೈದ್ಯರ ಶಿಷ್ಯ ಎದುರಿಗೆ ಸಿಕ್ಕಮೇಲಂತೂ ಕೂರುವುದೇ ಇಲ್ಲ. ಒಬ್ಬನ ಮೊಣಕಾಲು, ಇನ್ನೊಬ್ಬಳ ಹೊಟ್ಟೆ. ಧರಣಪ್ಪ ಮುಂಚೆ ಕೇಳುವ ಮೊದಲೇ ಹೆಸರು ಹೇಳುತ್ತಿದ್ದ. ಈಗ ಎರಡೂ ಕೈಯಲ್ಲಿ ಹುಟ್ಟು. ಪುಸ್ತಕ ತೆರೆಯುವಂತಿರಲಿಲ್ಲ. ಉಸಿರೂ ಸಾಲುತ್ತಿರಲಿಲ್ಲ. ಕೇಳಿದ.

ಒಬ್ಬ ನೇಕಾರರ ಹೆಂಗಸು ಹಣೆಗೆ ಬಟ್ಟೆ ಬಿಗಿದುಕೊಂಡು ಬಂದಳು.

"ಅರ್ಧ ತಲಿ ನಂದ ಐತ್ರಿ," ಎಂದಳು. "ಇನ್ನರ್ಧ ಕಮ್ಮಾರಗ ಕೊಟ್ಟಂಗ ಆಗೈತಿ."

ಧರಣಪ್ಪ ಆ ಅರೆತಲೆನೋವಿಗೆ 'ಅರೆಬಿರುಕು' ಎಂದು ಬರೆದಿದ್ದ. ದಂಡೆ ಮುಟ್ಟಿದ ಮೇಲೆ ಅದನ್ನು ಹೊಡೆದುಹಾಕಿದ. ಅವಳ ಮಾತನ್ನು ಬರೆದುಕೊಂಡ.

ಇನ್ನೊಂದು ದಿನ ಬುರ್ಹಾನ್ ಸಾಹೇಬರೆಂಬ ಹಕೀಮರು ಹತ್ತಿದರು. ಧರಣಪ್ಪನಿಗೆ ಅರಬ್ಬಿ ಕಲಿಸಿದವರು ಅವರೇ. ಶಿಷ್ಯನ ಕೈಯಲ್ಲಿ ಹುಟ್ಟು ನೋಡಿ ಮನಸಾರೆ ನಕ್ಕರು.

"ನಮ್ಮ ಪುಸ್ತಕದ ತಾಯಂದಿರನ್ನು ಕನ್ನಡಕ್ಕೆ ತಂದೆಯೇನಪ್ಪ?" ಎಂದು ಕೇಳಿದರು.

"ತಂದಿದ್ದೇನೆ, ಸಾಹೇಬರೇ. ಆದರೆ ಇಡಲೋ ಬಿಡಲೋ ಗೊತ್ತಾಗುತ್ತಿಲ್ಲ."

ಮೂಲೆಯಲ್ಲಿ ಬುಟ್ಟಿ ಹಿಡಿದು ಕೂತಿದ್ದ ದ್ಯಾವಮ್ಮ ತಿರುಗಿದಳು. "ಯಾರ ತಾಯಂದಿರ್ರಿ?"

"ಮಿದುಳಿಗೆ ಎರಡು ಪೊರೆ ಇವೆ, ಬೇಟಿ. ಅರಬ್ಬಿಯಲ್ಲಿ ಅವಕ್ಕೆ ತಾಯಿ ಅಂತಾರೆ. ಒಬ್ಬಳು ಒರಟು ತಾಯಿ, ಒಬ್ಬಳು ತೆಳು ತಾಯಿ. ಪರಂಗಿಯವರೂ ಆ ಹೆಸರನ್ನೇ ತಮ್ಮ ಮಾತಿಗೆ ತಿರುಗಿಸಿಕೊಂಡಿದ್ದಾರೆ."

ಧರಣಪ್ಪ ಹುಟ್ಟು ನಿಲ್ಲಿಸಿದ. ಇದನ್ನೂ ಹೊಡೆದುಹಾಕಬೇಕಾದೀತು ಎಂದುಕೊಂಡ.

"ಒರಟಾಕಿ ಹೊರಗ ಇರ್ತಾಳೋ, ಒಳಗೋ?" ಎಂದು ಕೇಳಿದಳು ದ್ಯಾವಮ್ಮ.

"ಹೊರಗೆ."

"ಇರಬೇಕಲ್ರಿ ಮತ್ತ. ಮೆತ್ತನಾಕಿ ಬಾಗಿಲಾಗ ನಿಂತರ ಮನಿ ಉಳೀತೈತೇನು?"

ಹಕೀಮರು ಗಡ್ಡ ನೀವಿಕೊಂಡರು. "ನಲವತ್ತು ವರ್ಷ ಇದನ್ನು ಪಾಠ ಹೇಳಿದ್ದೇನೆ. ಇದು ತೋಚಿರಲಿಲ್ಲ," ಎಂದರು.

ಆ ಎರಡು ಹೆಸರನ್ನು ಧರಣಪ್ಪ ಮುಟ್ಟಲಿಲ್ಲ.

ವರ್ಷದ ಬಿಗಿ ಸಡಿಲಲು ಹುಲಿಗೆಪ್ಪನಿಗೆ ಮೂರು ವಾರ ಹಿಡಿಯಿತು. ಒಂದು ಬೆಳಿಗ್ಗೆ ಧರಣಪ್ಪ ಎದ್ದು ನಿಲ್ಲಲು ಹೋದ. ನಿಲ್ಲಲಾಗಲಿಲ್ಲ. ಸೊಂಟದಿಂದ ಹಿಮ್ಮಡಿಗೆ ಯಾರೋ ಜಗ್ಗಿದರು. ಹಾಗೆಯೇ ದಂಡೆಗೆ ಹೋದ, ಭುಜ ಮೇಲೆ, ಕುತ್ತಿಗೆ ಮುಂದೆ.

ಹುಲಿಗೆಪ್ಪ ಅಲ್ಲಿ ನೆಟ್ಟಗೆ ನಿಂತಿದ್ದ. ಧರಣಪ್ಪನನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಈಗ ಸರಿಯಾಗಿ ನಡ್ಯಾಕತ್ತೀರಿ ನೋಡ್ರಿ! ಅವತ್ತು ಎಷ್ಟು ಹೇಳಿದರೂ ಬರಲಿಲ್ಲ."

ಬಗಲಿನಿಂದ ಎಣ್ಣೆಯ ಕುಡಿಕೆ ತೆಗೆದು ಕೊಟ್ಟ. ಅರ್ಧ ಉಳಿಸಿದ್ದ.

"ತಗೋರಿ. ನಾಕು ದಿನ ಜಗ್ಗಬ್ಯಾಡ್ರಿ. ಹುಟ್ಟು ಕೊಡ್ರಿ ಇಲ್ಲಿ."

ಧರಣಪ್ಪ ಹುಟ್ಟು ಕೊಡಲಿಲ್ಲ. ಎದೆಗೆ ಹಿಡಿದುಕೊಂಡ.

"ಇವತ್ತೊಂದು ದಿನ, ಹುಲಿಗೆಪ್ಪ. ಆಚೆ ದಂಡೆಯಿಂದ ಒಬ್ಬ ಸೂಲಗಿತ್ತಿ ಬರುತ್ತಾಳಂತೆ. ಅವಳ ಹತ್ತಿರ ಕೇಳುವುದಿದೆ."

"ಕೂತು ಕೇಳ್ರಿ. ಹುಟ್ಟು ನಾ ಹಾಕತೀನಿ."

ಸಂಜೆ ಧರಣಪ್ಪ ಆಶ್ರಮಕ್ಕೆ ಬಂದ. ಗುರುಗಳು ಬೇರು ಅರೆಯುತ್ತಿದ್ದರು. ಅವನ ನಡಿಗೆ ನೋಡಿದರು. ತುಟಿಯ ಒಂದು ಮೂಲೆ ಅಲುಗಿತು. ಅವರ ಮಟ್ಟಿಗೆ ಅದು ನಗೆ.

"ಹುಲಿಗೆಪ್ಪ ಹುಟ್ಟು ಹಿಡಿದ, ಗುರುಗಳೇ."

"ಕಂಡೆ."

ಧರಣಪ್ಪ ಕಷ್ಟಪಟ್ಟು ಕೂತ. ಪುಸ್ತಕವನ್ನು ಮುಂದಿಡಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡ. ನೀರು ಬಿದ್ದು ಹಾಳೆಗಳು ಉಬ್ಬಿದ್ದವು.

"ಒಂದು ಕೇಳಲೇ? ಹಳಬರು ಇಟ್ಟ ಹೆಸರು ತಪ್ಪೇ?"

"ಅಲ್ಲ."

"ಮತ್ತೆ ಹುಲಿಗೆಪ್ಪ ಹೇಳಿದ್ದು?"

"ಹಳಬರದು ನೋಡಿದವರ ಮಾತು. ಅವನದು ನಡೆದವನ ಮಾತು."

"ಎರಡರಲ್ಲಿ ಯಾವುದನ್ನು ಬರೆಯಲಿ?"

"ನೀನು ಎರಡೂ ಮಾಡಿದ್ದೀಯಲ್ಲ."

ಧರಣಪ್ಪ ಉಬ್ಬಿದ ಹಾಳೆಗಳನ್ನು ಅಂಗೈಯಿಂದ ಒತ್ತಿದ.

"ಶ್ರೀ ಕೇಳಲು ಬಂದಿಲ್ಲ, ಗುರುಗಳೇ. ಮುನ್ನೂರ ಹನ್ನೆರಡರಲ್ಲಿ ನಲವತ್ತೊಂದು ಪದ ಉಳಿದಿವೆ. ಮಿಕ್ಕವನ್ನೆಲ್ಲ ಹೊಡೆದುಹಾಕಿದ್ದೇನೆ. ಆ ಬೇನೆಯವರು ಯಾರೂ ಇನ್ನೂ ಹೊಳೆ ದಾಟಿಲ್ಲ. ಪುಟಕ್ಕೆ ಪುಟ ಖಾಲಿ. ಸಂತೆಯ ದಿನ ಹರಿಗೋಲಿನಲ್ಲಿ ನನ್ನನ್ನು ಕೂರಿಸಿಕೊಳ್ಳಲು ಹುಲಿಗೆಪ್ಪ ಒಪ್ಪಿದ್ದಾನೆ. ಎಷ್ಟು ವರ್ಷ ಹಿಡಿಯುತ್ತದೋ ಗೊತ್ತಿಲ್ಲ."

ಗುರುಗಳು ಕೈ ಒರೆಸಿಕೊಂಡರು. ಪುಸ್ತಕವನ್ನು ಅವನ ತೊಡೆಯ ಮೇಲಿಂದ ಎತ್ತಿಕೊಂಡರು. ಮಸಿಯ ಕುಡಿಕೆಯ ಮುಚ್ಚಳ ತೆಗೆದರು. ಮೊದಲ ಹಾಳೆಯ ನೆತ್ತಿಯಲ್ಲಿ, ಬಿಟ್ಟ ಜಾಗ ತುಂಬುವ ಹಾಗೆ, ದಪ್ಪಗೆ 'ಶ್ರೀ' ಬರೆದರು.

ಧರಣಪ್ಪ ಗಾಬರಿಯಾದ.

"ಗುರುಗಳೇ, ಇದು ಇನ್ನೂ ಮುಗಿದಿಲ್ಲ!"

ಗುರುಗಳು ಮಸಿಯ ಮೇಲೆ ಊದಿದರು.

"ಅವತ್ತು ಮುಗಿದಿತ್ತು," ಎಂದರು. "ಅದಕ್ಕೇ ಬರೆಯಲಿಲ್ಲ."